ಮಂಜಿನ ಜೊತೆ ತೇಲಿದವನು: ಫ್ರಿಟ್ಯೋಫ್ ನಾನ್ಸೆನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಧ್ರುವಯಾತ್ರೆ ಎಂದ ಕೂಡಲೇ ನಮಗೆ ದಕ್ಷಿಣ ಧ್ರುವ ಮುಟ್ಟಿದ ಅಮುಂಡ್‌ಸೆನ್ ಮತ್ತು ಸ್ಕಾಟ್ ನೆನಪಾಗುತ್ತಾರೆ. ಅವರಿಬ್ಬರೂ ಹೊರಡುವ ಮುನ್ನ ಸಲಹೆ ಕೇಳಲು ಹೋದದ್ದು ಮಾತ್ರ ಒಬ್ಬನೇ ಮನುಷ್ಯನ ಬಳಿಗೆ. ಆತ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್. ಅವನ ಬಗ್ಗೆ ಓದಲು ಶುರು ಮಾಡಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಕೆಲವು ಉತ್ತರ ಉದ್ದವಾಗಿವೆ, ಏಕೆಂದರೆ ಅಲ್ಲಿ ಹೇಳಲೇಬೇಕಾದ್ದು ಬಹಳ ಇದೆ.

ನಾನ್ಸೆನ್ ಯಾರು? ಅನ್ವೇಷಕನೋ, ವಿಜ್ಞಾನಿಯೋ, ರಾಜತಾಂತ್ರಿಕನೋ?

ಎಲ್ಲವೂ ಹೌದು, ಮತ್ತು ಯಾವುದೂ ಹೆಸರಿಗೆ ಮಾತ್ರ ಅಲ್ಲ. ನರಕೋಶಗಳ ರಚನೆಯ ಮೇಲೆ ಡಾಕ್ಟರೇಟ್ ಪಡೆದ. ಗ್ರೀನ್‌ಲ್ಯಾಂಡಿನ ಹಿಮದ ಬಯಲನ್ನು ಮೊದಲ ಬಾರಿಗೆ ದಾಟಿದ. ಹಡಗೊಂದನ್ನು ಬೇಕೆಂದೇ ಉತ್ತರ ಧ್ರುವದ ಸುತ್ತಲಿನ ಆರ್ಕ್ಟಿಕ್ ಸಮುದ್ರದ ಮಂಜುಗಡ್ಡೆಯಲ್ಲಿ ಸಿಕ್ಕಿಸಿ ಮೂರು ವರ್ಷ ತೇಲಿಸುವ ಯೋಜನೆ ಹಾಕಿ ಗೆದ್ದ. ಆಧುನಿಕ ಸಾಗರ ವಿಜ್ಞಾನಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬನಾದ. ಸ್ವತಂತ್ರ ನಾರ್ವೆಯ ಮೊದಲ ಪ್ರತಿನಿಧಿಯಾಗಿ ಲಂಡನ್ನಿಗೆ ಹೋದ. ಕೊನೆಗೆ ದೇಶವೇ ಇಲ್ಲದ ಲಕ್ಷಾಂತರ ಜನರ ಪರವಾಗಿ ದುಡಿದು 1922ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ. 68 ವರ್ಷದ ಒಂದು ಬದುಕಿನಲ್ಲಿ ಇಷ್ಟೆಲ್ಲ ಹಿಡಿಸಿತು.

ಹುಟ್ಟು, ಬಾಲ್ಯ?

1861ರ ಅಕ್ಟೋಬರ್ 10ರಂದು ಕ್ರಿಸ್ಟಿಯಾನಿಯಾ ಪಟ್ಟಣದ ಹೊರವಲಯದಲ್ಲಿ ಹುಟ್ಟಿದ. ಇಂದಿನ ಓಸ್ಲೊಗೆ ಆಗ ಆ ಹೆಸರು. ತಂದೆ ವಕೀಲ. ತಾಯಿ ಸ್ಕೀ ಕಟ್ಟಿ ಹಿಮದ ಮೇಲೆ ಜಾರುವುದನ್ನು ಇಷ್ಟಪಡುತ್ತಿದ್ದವಳು. ಆ ಕಾಲದ ದೊಡ್ಡ ಮನೆತನದ ಹೆಣ್ಣುಮಗಳಿಗೆ ಅದು ಅಪರೂಪವೇ. ಮಗ ಮನೆಯ ಹಿಂದಿನ ಕಾಡಿನಲ್ಲಿ ದಿನಗಟ್ಟಲೆ ಒಬ್ಬನೇ ಅಲೆಯುತ್ತಿದ್ದ. ಸ್ಕೇಟಿಂಗ್‌ನಲ್ಲೂ ಸ್ಕೀಯಲ್ಲೂ ದೇಶದ ಮೊದಲ ಸಾಲಿನ ಆಟಗಾರನಾದ. ಮುಂದೆ ಅವನ ಜೀವ ಉಳಿಸಿದ್ದರಲ್ಲಿ ಈ ಕಾಲುಗಳ ಪಾಲು ದೊಡ್ಡದು.

ಪ್ರಾಣಿಶಾಸ್ತ್ರದ ವಿದ್ಯಾರ್ಥಿಗೆ ಧ್ರುವದ ಗೀಳು ಹತ್ತಿದ್ದು ಹೇಗೆ?

1882ರಲ್ಲಿ, ಇಪ್ಪತ್ತರ ಹರೆಯದಲ್ಲಿ, 'ವೈಕಿಂಗ್' ಎಂಬ ಸೀಲ್ ಬೇಟೆಯ ಹಡಗನ್ನು ಹತ್ತಿದ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಸಮುದ್ರಜೀವಿಗಳನ್ನು ನೋಡಿ ಬಾ ಎಂದು ಕಳುಹಿಸಿದ್ದರು. ಗ್ರೀನ್‌ಲ್ಯಾಂಡಿನ ಪೂರ್ವ ಕರಾವಳಿಯ ಬಳಿ ಹಡಗು ವಾರಗಟ್ಟಲೆ ಮಂಜಿನಲ್ಲಿ ಸಿಕ್ಕಿಕೊಂಡಿತು. ಉಳಿದವರಿಗೆ ಅದು ನಷ್ಟದ ಕಾಲ. ನಾನ್ಸೆನ್‌ಗೆ ಮಾತ್ರ ದೂರದಲ್ಲಿ ಕಾಣುತ್ತಿದ್ದ ಬೆಟ್ಟಗಳು ಮನಸ್ಸಿನಲ್ಲಿ ಕೂತವು. ಆ ಕರಾವಳಿಯ ಒಳಗೆ ಏನಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ವಾಪಸ್ ಬಂದವನೇ ಬರ್ಗೆನ್ ನಗರದ ವಸ್ತುಸಂಗ್ರಹಾಲಯದಲ್ಲಿ ಕೆಲಸಕ್ಕೆ ಸೇರಿ, ಸೂಕ್ಷ್ಮದರ್ಶಕದ ಕೆಳಗೆ ಕೀಳು ಜೀವಿಗಳ ನರಮಂಡಲ ನೋಡುತ್ತ ಕೂತ. ನರಕೋಶಗಳು ಒಂದಕ್ಕೊಂದು ಬೆಸೆದುಕೊಂಡಿಲ್ಲ, ಪ್ರತ್ಯೇಕವಾಗಿವೆ ಎಂದು ತೀರಾ ಮೊದಲು ಹೇಳಿದ ಕೆಲವರಲ್ಲಿ ಅವನೂ ಒಬ್ಬ. 1888ರ ಏಪ್ರಿಲ್ ಕೊನೆಯಲ್ಲಿ ಡಾಕ್ಟರೇಟ್ ಪ್ರಬಂಧವನ್ನು ಸಮರ್ಥಿಸಿದ. ಕೆಲವೇ ದಿನಗಳಲ್ಲಿ ಗ್ರೀನ್‌ಲ್ಯಾಂಡಿಗೆ ಹೊರಟ.

ಗ್ರೀನ್‌ಲ್ಯಾಂಡ್ ದಾಟಿದ್ದರಲ್ಲಿ ಅಂಥ ದೊಡ್ಡ ವಿಷಯ ಏನಿದೆ?

ಎಲ್ಲಕ್ಕಿಂತ ದೊಡ್ಡದು ಅವನು ಆರಿಸಿಕೊಂಡ ದಿಕ್ಕು. ಅದಕ್ಕೂ ಹಿಂದೆ ಪ್ರಯತ್ನಿಸಿದವರೆಲ್ಲ ಜನವಸತಿಯಿದ್ದ ಪಶ್ಚಿಮ ತೀರದಿಂದ ಒಳಗೆ ಹೋಗಿ, ಸಾಕಾದಾಗ ತಿರುಗಿ ಬಂದಿದ್ದರು. ನಾನ್ಸೆನ್ ಪೂರ್ವದಿಂದ ಹೊರಡುತ್ತೇನೆ ಎಂದ. ಪೂರ್ವ ತೀರದಲ್ಲಿ ಕಾಯುವ ಹಡಗಿಲ್ಲ, ಆಶ್ರಯ ಸಿಗುವ ಊರಿಲ್ಲ. ಒಮ್ಮೆ ಇಳಿದರೆ ಬದುಕುವ ದಾರಿ ಮುಂದಕ್ಕೆ ಮಾತ್ರ. ನಾರ್ವೆಯ ಪತ್ರಿಕೆಗಳು ಇದನ್ನು ಹುಚ್ಚು ಎಂದವು, ಸರ್ಕಾರ ಹಣ ಕೊಡಲಿಲ್ಲ. ಕೊನೆಗೆ ಕೋಪನ್‌ಹೇಗನ್ನಿನ ಒಬ್ಬ ಉದ್ಯಮಿಯ ಹಣ ಕೈ ಹಿಡಿಯಿತು.

ತಂಡದಲ್ಲಿ ಆರು ಜನ. ನಾನ್ಸೆನ್, ಒಟ್ಟೊ ಸ್ವೆರ್ಡ್ರಪ್, ಡೀಟ್ರಿಕ್ಸನ್, ಕ್ರಿಸ್ಟಿಯಾನ್ಸನ್, ಜೊತೆಗೆ ಉತ್ತರ ಸ್ಕ್ಯಾಂಡಿನೇವಿಯಾದ ಮೂಲನಿವಾಸಿಗಳಾದ ಸಾಮಿ ಜನಾಂಗದ ಇಬ್ಬರು: ಸ್ಯಾಮ್ಯುಯೆಲ್ ಬಾಲ್ಟೊ ಮತ್ತು ಓಲೆ ರಾವ್ನಾ. ಹಿಮವನ್ನು ಓದಲು ಬಲ್ಲ ಈ ಇಬ್ಬರ ಹೆಸರು ಹಲವು ಬರಹಗಳಲ್ಲಿ ಬಿಟ್ಟುಹೋಗಿರುವುದು ನನಗೆ ಬೇಸರದ ಸಂಗತಿ. ಬಾಲ್ಟೊ ಈ ಯಾತ್ರೆಯ ಬಗ್ಗೆ ತನ್ನದೇ ಕಥನ ಬರೆದಿದ್ದಾನೆ. 1925ರಲ್ಲಿ ಅಲಾಸ್ಕಾದ ನೋಮ್ ಪಟ್ಟಣಕ್ಕೆ ಔಷಧ ತಲುಪಿಸಿದ ಪ್ರಸಿದ್ಧ ನಾಯಿ ಬಾಲ್ಟೊಗೆ ಆ ಹೆಸರು ಬಂದದ್ದೂ ಇವನಿಂದಲೇ.

1888ರ ಜುಲೈ 17ರಂದು ಹಡಗಿನಿಂದ ದೋಣಿಗಿಳಿದರು. ದಡ ಕಣ್ಣಿಗೆ ಕಾಣುತ್ತಿತ್ತು, ಆದರೆ ತೇಲುವ ಮಂಜು ಅವರನ್ನು ದಕ್ಷಿಣಕ್ಕೆ ಎಳೆದೊಯ್ದಿತು. ದಡ ಮುಟ್ಟುವಾಗ ಜುಲೈ 29. ಅಲ್ಲಿಂದ ಮತ್ತೆ ದೋಣಿಯಲ್ಲಿ ಉತ್ತರಕ್ಕೆ ಬಂದು, ಆಗಸ್ಟ್ 15ಕ್ಕೆ ಹಿಮದ ಏರು ಹತ್ತತೊಡಗಿದರು. 2,700 ಮೀಟರಿಗೂ ಮೇಲಿನ ಎತ್ತರ, ರಾತ್ರಿ ಮೈನಸ್ 45 ಡಿಗ್ರಿ ಚಳಿ, ಎಳೆಯುವುದಕ್ಕೆ ನಾಯಿಗಳೂ ಇಲ್ಲ. ಎಲ್ಲವನ್ನೂ ತಾವೇ ಎಳೆದರು.

ಪಶ್ಚಿಮದ ಇಳಿಜಾರು ಮುಗಿದಾಗ ಮುಂದೆ ಸಮುದ್ರದ ಕವಲು. ಡೇರೆಯ ನೆಲಹಾಸಿನ ಕ್ಯಾನ್ವಾಸು, ಅಲ್ಲಿ ಬೆಳೆದಿದ್ದ ಕುರುಚಲು ವಿಲ್ಲೊ ಗಿಡದ ಕೊಂಬೆಗಳು, ಇವನ್ನೇ ಹೊಲಿದು ಕಟ್ಟಿ ಒಂದು ಪುಟ್ಟ ದೋಣಿ ಮಾಡಿಕೊಂಡರು. ಅದರಲ್ಲಿ ನಾನ್ಸೆನ್ ಮತ್ತು ಸ್ವೆರ್ಡ್ರಪ್ ಅಕ್ಟೋಬರ್ 3ರಂದು ಗೋಡ್‌ಹೋಬ್, ಅಂದರೆ ಇಂದಿನ ನೂಕ್ ತಲುಪಿದರು. ಅಲ್ಲಿ ಎದುರಾದ ಡೇನಿಶ್ ಅಧಿಕಾರಿ ಹೆಸರು ಕೇಳಿದ. ನಾನ್ಸೆನ್ ಎಂದ ಕೂಡಲೇ, ನಿಮಗೆ ಡಾಕ್ಟರೇಟ್ ಬಂದದ್ದಕ್ಕೆ ಅಭಿನಂದನೆಗಳು ಎಂದ! ಇಡೀ ಗ್ರೀನ್‌ಲ್ಯಾಂಡನ್ನು ದಾಟಿ ಬಂದವನಿಗೆ ಸಿಕ್ಕ ಮೊದಲ ಅಭಿನಂದನೆ ಅದು.

ಆ ವರ್ಷದ ಕೊನೆಯ ಹಡಗು ತಪ್ಪಿತ್ತು. ಚಳಿಗಾಲವೆಲ್ಲ ಅಲ್ಲೇ ಉಳಿದು ನಾನ್ಸೆನ್ ಇನ್ಯೂಟ್ ಜನರ ಮನೆಗಳಲ್ಲಿ ಕಾಲ ಕಳೆದ. ಕಯಾಕ್ ಎಂಬ ಕಿರಿದಾದ ದೋಣಿ ನಡೆಸುವುದು, ಚರ್ಮದ ಬಟ್ಟೆ, ಬೇಟೆ ಎಲ್ಲವನ್ನೂ ಕಲಿತ. ನನ್ನ ಮಟ್ಟಿಗೆ ಗ್ರೀನ್‌ಲ್ಯಾಂಡ್ ಯಾತ್ರೆಯ ನಿಜವಾದ ಸಂಪಾದನೆ ಇದೇ. ಈ ಕಲಿಕೆ ಇಲ್ಲದಿದ್ದರೆ ಏಳು ವರ್ಷದ ನಂತರ ಅವನು ಸತ್ತಿರುತ್ತಿದ್ದ.

ಅವರು ಏನು ತಿನ್ನುತ್ತಿದ್ದರು?

ಗ್ರೀನ್‌ಲ್ಯಾಂಡಿನಲ್ಲಿ ಮುಖ್ಯವಾಗಿ ಒಣಮಾಂಸದ ಪೆಮಿಕನ್ ಮತ್ತು ಬಿಸ್ಕತ್ತು. ಪೆಮಿಕನ್‌ನಲ್ಲಿ ಕೊಬ್ಬು ಬೆರೆತಿರಬೇಕು. ತಯಾರಿಸಿದವರು ಕೊಬ್ಬು ತೆಗೆದುಬಿಟ್ಟಿದ್ದರು. ಹೊಟ್ಟೆ ತುಂಬಿದರೂ ಹಸಿವು ಹೋಗುತ್ತಿರಲಿಲ್ಲ. ಬೆಣ್ಣೆಯ ಪಾಲು ಬಂದ ದಿನ ಹಬ್ಬ. ಬೂಟಿಗೆ ಹಚ್ಚುವ ಅಗಸೆ ಎಣ್ಣೆಯನ್ನು ಕುಡಿಯಬಹುದೇ ಎಂದು ಸ್ವೆರ್ಡ್ರಪ್ ಒಂದು ದಿನ ಗಂಭೀರವಾಗಿಯೇ ಕೇಳಿದ. ಆ ಪಾಠವನ್ನು ನಾನ್ಸೆನ್ ಮರೆಯಲಿಲ್ಲ. ಮುಂದಿನ ಯಾತ್ರೆಯ ಆಹಾರವನ್ನು ಬಲು ಎಚ್ಚರಿಕೆಯಿಂದ ಆರಿಸಿದ. ಮೂರು ವರ್ಷದಲ್ಲಿ ಒಬ್ಬರಿಗೂ, ತಾಜಾ ಆಹಾರ ಸಿಗದೆ ನಾವಿಕರನ್ನು ಕಾಡುವ ಸ್ಕರ್ವಿ ರೋಗ ಬರಲಿಲ್ಲ.

ಹಡಗನ್ನು ಬೇಕೆಂದೇ ಮಂಜಿನಲ್ಲಿ ಸಿಕ್ಕಿಸುವ ಯೋಚನೆ ಎಲ್ಲಿಂದ ಬಂತು?

ಒಂದು ಪ್ಯಾಂಟಿನಿಂದ ಎಂದರೂ ತಪ್ಪಿಲ್ಲ.

'ಜಾನೆಟ್' ಎಂಬ ಅಮೆರಿಕದ ಹಡಗು ಬೇರಿಂಗ್ ಜಲಸಂಧಿಯ ಮೂಲಕ ಆರ್ಕ್ಟಿಕ್ ಹೊಕ್ಕು, ಸುಮಾರು ಎರಡು ವರ್ಷ ಮಂಜಿನಲ್ಲಿ ಸಿಕ್ಕಿ, 1881ರ ಜೂನ್‌ನಲ್ಲಿ ಸೈಬೀರಿಯಾದ ಉತ್ತರಕ್ಕೆ ನುಚ್ಚುನೂರಾಗಿ ಮುಳುಗಿತು. ಮೂರು ವರ್ಷದ ನಂತರ, 1884ರಲ್ಲಿ, ಅದರ ಸಾಮಾನುಗಳು ಸಿಕ್ಕಿದ್ದು ಗ್ರೀನ್‌ಲ್ಯಾಂಡಿನ ನೈಋತ್ಯ ತೀರದಲ್ಲಿ! ಕ್ಯಾಪ್ಟನ್ ಸಹಿ ಇದ್ದ ಕಾಗದ, ನೊರೋಸ್ ಎಂಬ ನಾವಿಕನ ಹೆಸರು ಬರೆದ ಎಣ್ಣೆಬಟ್ಟೆಯ ಪ್ಯಾಂಟು. ಇವು ಅಷ್ಟು ದೂರ ಬಂದದ್ದು ಹೇಗೆ? ನಾರ್ವೆಯ ಹವಾಮಾನ ವಿಜ್ಞಾನಿ ಹೆನ್ರಿಕ್ ಮೋನ್ ಕೊಟ್ಟ ಉತ್ತರ: ಆರ್ಕ್ಟಿಕ್ ಸಮುದ್ರದ ಮಂಜೆಲ್ಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ಸಾಗುತ್ತಿದೆ. ಗ್ರೀನ್‌ಲ್ಯಾಂಡಿನ ದಡಕ್ಕೆ ಸೈಬೀರಿಯಾದ ಮರದ ದಿಮ್ಮಿಗಳು ತೇಲಿ ಬರುತ್ತಿದ್ದವು. ಅಲಾಸ್ಕಾದ ಎಸ್ಕಿಮೊಗಳು ಬಳಸುವಂಥ, ಈಟಿ ಎಸೆಯುವ ಕೋಲೊಂದೂ ಗೋಡ್‌ಹೋಬ್‌ನಲ್ಲಿ ಸಿಕ್ಕಿತ್ತು.

ಮೋನ್ ಬರೆದದ್ದನ್ನು ಓದಿದವರು ಅನೇಕರು. ಹಾಗಾದರೆ ನಾವೂ ಆ ಮಂಜಿನ ಜೊತೆ ಹೋಗೋಣ ಎಂದುಕೊಂಡವನು ನಾನ್ಸೆನ್ ಒಬ್ಬನೇ. ಅಲ್ಲಿಯವರೆಗೆ ಎಲ್ಲರೂ ಮಂಜಿನ ವಿರುದ್ಧ ಹೋರಾಡಿ ಸೋತಿದ್ದರು. ಇವನು ಅದರ ಬಲವನ್ನೇ ಗಾಡಿ ಮಾಡಿಕೊಳ್ಳಲು ಹೊರಟ. 1892ರಲ್ಲಿ ಲಂಡನ್ನಿನ ಭೂಗೋಳ ಸಂಘದಲ್ಲಿ ಈ ಯೋಜನೆ ಮಂಡಿಸಿದಾಗ ಹೆಸರಾಂತ ಧ್ರುವಯಾತ್ರಿಗಳೇ ವಿರೋಧಿಸಿದರು. ಅಮೆರಿಕದ ಅಡಾಲ್ಫಸ್ ಗ್ರೀಲಿ ಇದನ್ನು ತರ್ಕವಿಲ್ಲದ ಆತ್ಮನಾಶದ ಯೋಜನೆ ಎಂದು ಕರೆದ. ಗ್ರೀಲಿಯ ಮಾತನ್ನು ಹಗುರವಾಗಿ ಕಾಣುವಂತಿಲ್ಲ. ಅವನ ಸ್ವಂತ ಯಾತ್ರೆಯಲ್ಲಿ 25 ಜನರಲ್ಲಿ ಬದುಕಿ ಮನೆ ಸೇರಿದವರು ಆರೇ ಮಂದಿ.

ಫ್ರಾಮ್ ಹಡಗಿನ ವಿಶೇಷ ಏನು?

ಈ ಯಾತ್ರೆಗೆಂದೇ, ಮಂಜು ಒತ್ತಿದಾಗ ಎದುರಿಸಿ ನಿಲ್ಲದೆ ಮೇಲಕ್ಕೆ ಜಾರಿಕೊಳ್ಳುವಂತೆ ಕಟ್ಟಿದ ಹಡಗು ಅದು. ಮಂಜಿನ ಅಪ್ಪುಗೆಯಿಂದ ಹಾವುಮೀನಿನಂತೆ ನುಣುಚಿಕೊಳ್ಳಬೇಕು ಎಂಬುದು ನಾನ್ಸೆನ್‌ನ ಮಾತು. ಕಾಲಿನ್ ಆರ್ಚರ್ ಎಂಬ ನಿಪುಣ ಇದನ್ನು ಲಾರ್ವಿಕ್‌ನಲ್ಲಿ ಕಟ್ಟಿದ. ಉದ್ದ ಸುಮಾರು 39 ಮೀಟರ್, ಅಗಲ 11 ಮೀಟರ್. ಅಂದರೆ ಗಿಡ್ಡ, ದುಂಡು ಹೊಟ್ಟೆ. ಪಕ್ಕಗಳ ಮರವೇ 60ರಿಂದ 70 ಸೆಂಟಿಮೀಟರ್ ದಪ್ಪ. ಚುಕ್ಕಾಣಿಯನ್ನೂ ಪ್ರೊಪೆಲ್ಲರನ್ನೂ ಮಂಜಿಗೆ ಸಿಗದಂತೆ ಮೇಲಕ್ಕೆ ಎಳೆದುಕೊಳ್ಳಬಹುದಿತ್ತು. ಗೋಡೆಗಳಲ್ಲಿ ಫೆಲ್ಟ್, ಕಾರ್ಕ್, ಹಿಮಸಾರಂಗದ ಕೂದಲು ಪದರ ಪದರವಾಗಿ ತುಂಬಿ ಚಳಿಗೆ ತಡೆ. ದೀಪಕ್ಕೆ ಗಾಳಿಯಂತ್ರದ ವಿದ್ಯುತ್ತು. ಕತ್ತಲ ತಿಂಗಳುಗಳಲ್ಲಿ ಈ ದೀಪ ಮನಸ್ಸಿಗೆ ಎಷ್ಟು ಮುಖ್ಯ ಎಂದು ಮೊದಲೇ ಯೋಚಿಸಿದ್ದ.

ಖರ್ಚಿನ ಹೆಚ್ಚಿನ ಪಾಲನ್ನು ನಾರ್ವೆಯ ಸಂಸತ್ತೇ ಕೊಟ್ಟಿತು. 1892ರ ಅಕ್ಟೋಬರ್ 26ರಂದು ನಾನ್ಸೆನ್‌ನ ಹೆಂಡತಿ ಇವಾ ಹಡಗಿಗೆ ಹೆಸರಿಟ್ಟಳು. ನೌಕೆ ಅಂದವಾಗಿಯೇನೂ ಇರಲಿಲ್ಲ. ತೆರೆದ ಸಮುದ್ರದಲ್ಲಿ ಸಿಕ್ಕಾಪಟ್ಟೆ ಹೊಯ್ದಾಡಿ ಎಲ್ಲರಿಗೂ ವಾಂತಿ ಬರಿಸುತ್ತಿತ್ತು.

ಮಂಜಿನಲ್ಲಿ ಸಿಕ್ಕಿಕೊಂಡು ವರ್ಷಗಟ್ಟಲೆ ಏನು ಮಾಡುತ್ತಿದ್ದರು?

ಅಳೆಯುತ್ತಿದ್ದರು. 1893ರ ಜೂನ್ 24ರಂದು ಕ್ರಿಸ್ಟಿಯಾನಿಯಾ ಬಿಟ್ಟ 13 ಮಂದಿಯ ಹಡಗು ಸೈಬೀರಿಯಾದ ಕರಾವಳಿ ಹಿಡಿದು ಸಾಗಿ, ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಮಂಜಿಗೆ ತನ್ನನ್ನು ಒಪ್ಪಿಸಿಕೊಂಡಿತು. ಆಮೇಲೆ ಹವೆ, ಗಾಳಿ, ಅಯಸ್ಕಾಂತೀಯ ಮಾಪನ, ನೀರಿನ ಉಷ್ಣತೆ, ಉಪ್ಪಿನಂಶ, ಆಳ ಎಲ್ಲದರ ಲೆಕ್ಕ ನಡೆಯಿತು. ಆರ್ಕ್ಟಿಕ್ ಆಳವಿಲ್ಲದ ಸಮುದ್ರ ಎಂದು ನಂಬಿ ಒಯ್ದ ಹಗ್ಗ ಸಾಲಲೇ ಇಲ್ಲ. ಹಡಗಿನ ಉಕ್ಕಿನ ಕೇಬಲ್ಲನ್ನು ಬಿಚ್ಚಿ, ಎಳೆಗಳನ್ನು ಮತ್ತೆ ಹೊಸೆದು ಉದ್ದದ ತಂತಿ ಮಾಡಿ ಇಳಿಬಿಟ್ಟರು. ತಳ ಸಿಕ್ಕಿದ್ದು 3,000 ಮೀಟರಿಗಿಂತಲೂ ಕೆಳಗೆ.

ಉಳಿದ ಹೊತ್ತು ಓದು, ಇಸ್ಪೀಟು, ಹುಟ್ಟುಹಬ್ಬಗಳು, ಊಟ. ಬೇಸರ ಇರಲಿಲ್ಲ ಎಂದಲ್ಲ. ಹಡಗು ಕೆಲವು ತಿಂಗಳು ಹಿಂದಕ್ಕೇ ತೇಲಿತು. ನಾನ್ಸೆನ್ ಕುದಿಯುತ್ತಿದ್ದ. ಎಲ್ಲರ ಕೆಲಸದಲ್ಲೂ ತಲೆಹಾಕುವ, ಮೌನಕ್ಕೆ ಜಾರುವ ಅವನ ಸ್ವಭಾವ ಜೊತೆಗಾರರಿಗೆ ಭಾರವಾಗಿತ್ತು ಎಂಬುದು ಅವರ ದಿನಚರಿಗಳಿಂದಲೇ ತಿಳಿಯುತ್ತದೆ.

ಹಡಗನ್ನು ಬಿಟ್ಟು ನಡೆದು ಹೋದದ್ದು ಏಕೆ? ನಾಯಕ ಹಾಗೆ ಮಾಡಬಹುದೇ?

ಹಡಗು ಧ್ರುವದ ಮೇಲೆಯೇ ಹಾಯುವುದಿಲ್ಲ ಎಂದು ಎರಡನೇ ವರ್ಷದ ಹೊತ್ತಿಗೆ ಸ್ಪಷ್ಟವಾಯಿತು. ಆಗ ನಾನ್ಸೆನ್ ಸ್ವೆರ್ಡ್ರಪ್‌ಗೆ ಹಡಗು ಒಪ್ಪಿಸಿ, ಯಾಲ್ಮಾರ್ ಯೊಹಾನ್ಸನ್ ಎಂಬ ಗಟ್ಟಿಮುಟ್ಟಾದ ಜೊತೆಗಾರನೊಡನೆ 1895ರ ಮಾರ್ಚ್ 14ರಂದು ಹೊರಟ. 28 ನಾಯಿ, ಮೂರು ಜಾರುಬಂಡಿ, ಎರಡು ಕಯಾಕ್. ಮುಂದೆ ಸುಮಾರು 660 ಕಿಲೋಮೀಟರ್. ತೇಲುತ್ತಲೇ ಇರುವ ಹಡಗನ್ನು ಮತ್ತೆ ಹುಡುಕುವುದು ಆಗದ ಮಾತು. ಮತ್ತೆ ಹಿಂದಿನ ದಾರಿ ಮುಚ್ಚಿಕೊಂಡೇ ಹೊರಟಂತಾಯಿತು.

ನಾಯಕ ಹೀಗೆ ಹೋಗಬಾರದಿತ್ತು ಎಂದು ಆಗಲೇ ಕೆಲವರು ಟೀಕಿಸಿದರು. ಗ್ರೀಲಿಯಂತೂ ಕಟುವಾಗಿ ಬರೆದ. ಟೀಕೆಯಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಆದರೆ ಸ್ವೆರ್ಡ್ರಪ್ ಎಂಥವನು ಎಂದು ನಾನ್ಸೆನ್‌ಗೆ ಗೊತ್ತಿತ್ತು, ಹಡಗಿನಲ್ಲಿ ಆಹಾರ ಇನ್ನೂ ವರ್ಷಗಳಿಗೆ ಸಾಲುವಷ್ಟಿತ್ತು. ಅಪಾಯವನ್ನೆಲ್ಲ ತನ್ನ ಮತ್ತು ತಾನಾಗಿ ಒಪ್ಪಿ ಬಂದ ಒಬ್ಬನ ತಲೆಯ ಮೇಲೆ ಹೊತ್ತುಕೊಂಡ.

ಧ್ರುವ ಮುಟ್ಟದೆಯೇ ತಿರುಗಿದ್ದೇಕೆ?

ಮಂಜಿನ ದಿಬ್ಬಗಳು ಮುಗಿಯುತ್ತಲೇ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದು, ಕಾಲ ಕೆಳಗಿನ ಮಂಜೇ ದಕ್ಷಿಣಕ್ಕೆ ಸರಿಯುತ್ತಿತ್ತು. ದಿನವೆಲ್ಲ ನಡೆದರೂ ಲೆಕ್ಕ ಹಾಕಿದರೆ ಮುಂದೆ ಬಂದದ್ದು ಅಲ್ಪ. ಏಪ್ರಿಲ್ ಎರಡನೇ ವಾರದ ಆರಂಭದಲ್ಲಿ, 86 ಡಿಗ್ರಿ 14 ನಿಮಿಷ ಉತ್ತರ ಅಕ್ಷಾಂಶದ ಹತ್ತಿರ, ನಾನ್ಸೆನ್ ಸಾಕು ಎಂದ. ಅಲ್ಲಿಯವರೆಗಿನ ದಾಖಲೆಗಿಂತ ಸುಮಾರು ಮೂರು ಡಿಗ್ರಿ ಮುಂದೆ ಬಂದಿದ್ದರು. ಧ್ರುವಕ್ಕೆ ಇನ್ನೂ ಸುಮಾರು 420 ಕಿಲೋಮೀಟರ್ ಉಳಿದಿತ್ತು. ಆ ಹೊತ್ತಿನಲ್ಲಿ ಸಾಕು ಎನ್ನಲು ಬರುವುದೇ ಅವನ ದೊಡ್ಡ ಗುಣ ಎಂದು ನನ್ನ ಭಾವನೆ. ಹಾಗೆನ್ನಲಾರದೆ ಹೋದವರ ಸಮಾಧಿಗಳು ಎರಡೂ ಧ್ರುವಗಳ ಸುತ್ತ ಇವೆ.

ವಾಪಸ್ ದಾರಿಯಲ್ಲಿ ದಣಿದು ಮಲಗಿದಾಗ ಇಬ್ಬರ ಗಡಿಯಾರಗಳೂ ಕೀ ಕೊಡದೆ ನಿಂತುಹೋದವು. ಸರಿಯಾದ ಸಮಯ ಇಲ್ಲದಿದ್ದರೆ ರೇಖಾಂಶ ಗೊತ್ತಾಗುವುದಿಲ್ಲ. ಅಂದಾಜಿನಲ್ಲಿ ನಡೆದರು. ನೆಲ ಕಂಡದ್ದು ಜುಲೈ 24ಕ್ಕೆ.

ನಾಯಿಗಳ ಗತಿ ಏನಾಯಿತು?

ಒಂದೊಂದಾಗಿ ಕೊಂದು ಉಳಿದವಕ್ಕೆ ತಿನ್ನಿಸಿದರು. ಮೊದಲಿನಿಂದಲೂ ಲೆಕ್ಕ ಹಾಗೆಯೇ ಇತ್ತು. ಗುಂಡು ಉಳಿಸಲು ಚಾಕು ಬಳಸುತ್ತಿದ್ದರು, ಆ ಕೆಲಸದ ಹೇಸಿಗೆಯನ್ನು ನಾನ್ಸೆನ್ ಮುಚ್ಚಿಡದೆ ಬರೆದಿದ್ದಾನೆ. ಕೊನೆಗೆ ಎರಡೇ ಉಳಿದವು: ನಾನ್ಸೆನ್‌ನ ಕೈಫಾಸ್, ಯೊಹಾನ್ಸನ್‌ನ ಸುಗ್ಗೆನ್. ತೆರೆದ ನೀರು ಬಂದಿತ್ತು, ಕಯಾಕಿನಲ್ಲಿ ನಾಯಿಗಳಿಗೆ ಜಾಗವಿಲ್ಲ. ತನ್ನದನ್ನು ತಾನೇ ಕೊಲ್ಲಲು ಇಬ್ಬರಿಗೂ ಕೈ ಬರಲಿಲ್ಲ. ಒಬ್ಬನ ನಾಯಿಯನ್ನು ಇನ್ನೊಬ್ಬ ಮರೆಗೆ ಕರೆದೊಯ್ದು, ಒಂದೊಂದು ಗುಂಡು ಖರ್ಚು ಮಾಡಿ ಮುಗಿಸಿದರು. ಓದಲು ಕಷ್ಟವಾಗುವ ಪುಟ ಅದು.

ಚಳಿಗಾಲವನ್ನು ಗುಡಿಸಲಿನಲ್ಲಿ ಕಳೆದದ್ದು ಹೇಗೆ?

ಫ್ರಾಂಜ್ ಜೋಸೆಫ್ ಲ್ಯಾಂಡ್ ದ್ವೀಪಗಳ ಒಂದು ಬರಡು ದಡದಲ್ಲಿ 1895ರ ಆಗಸ್ಟ್ ಕೊನೆಯಿಂದ 1896ರ ಮೇ 19ರವರೆಗೆ ಇದ್ದರು. ನೆಲ ತೋಡಿ, ಕಲ್ಲು ಪೇರಿಸಿ, ಸಂದುಗಳಿಗೆ ಪಾಚಿ ತುರುಕಿ, ತೇಲಿ ಬಂದ ಒಂದು ದಿಮ್ಮಿಯನ್ನು ನಡುವೆ ಇಟ್ಟು, ಮೇಲೆ ವಾಲ್ರಸ್ ಎಂಬ ದೊಡ್ಡ ಕಡಲಪ್ರಾಣಿಯ ಚರ್ಮ ಹೊದಿಸಿದರು. ಉದ್ದ ಮೂರು ಮೀಟರ್ ಇದ್ದಿರಬಹುದು. ಬೆಳಿಗ್ಗೆ ಬೇಯಿಸಿದ ಕರಡಿ ಮಾಂಸ, ರಾತ್ರಿ ಹುರಿದ ಕರಡಿ ಮಾಂಸ. ದೀಪಕ್ಕೆ ವಾಲ್ರಸ್ ಕೊಬ್ಬು. ಹೆಚ್ಚಿನ ಹೊತ್ತು ನಿದ್ದೆ, ಕೆಲವು ದಿನ ಇಪ್ಪತ್ತು ಗಂಟೆಯವರೆಗೂ. ಓದಲು ಇದ್ದದ್ದು ನಾವಿಕರ ಪಂಚಾಂಗ ಮತ್ತು ಕೋಷ್ಟಕಗಳು. ಅಚ್ಚಾದ ಅಕ್ಷರ ಕಂಡರೆ ಸಾಕು ಎಂದು ನಾನ್ಸೆನ್ ಅದನ್ನೇ ಮತ್ತೆ ಮತ್ತೆ ಓದಿದ. ಕ್ರಿಸ್‌ಮಸ್‌ಗೆ ಹೊಸ ಬಟ್ಟೆ ಎಂದರೆ ಇದ್ದ ಅಂಗಿಯನ್ನೇ ತಿರುವಿ ಹಾಕಿಕೊಳ್ಳುವುದು. ಬಟ್ಟೆಗೆ ಹತ್ತಿದ ಜಿಡ್ಡನ್ನು ಚಾಕುವಿನಿಂದ ಹೆರೆದು ದೀಪಕ್ಕೆ ಹಾಕುತ್ತಿದ್ದರು. ಆಶ್ಚರ್ಯವೆಂದರೆ ಇಬ್ಬರೂ ಆರೋಗ್ಯವಾಗಿದ್ದರು, ತೂಕ ಹೆಚ್ಚಿಸಿಕೊಂಡು ಹೊರಬಂದರು. ಜಗಳ ಆಡಲಿಲ್ಲ ಎಂಬುದು ಇನ್ನೂ ದೊಡ್ಡ ಆಶ್ಚರ್ಯ.

ಕಯಾಕ್ ತೇಲಿಹೋದ ಕಥೆ ನಿಜವೇ?

ನಿಜ. 1896ರ ಜೂನ್ 12ರಂದು ಇಬ್ಬರೂ ಸುತ್ತ ನೋಡಲು ಮಂಜಿನ ದಿಬ್ಬ ಹತ್ತಿದ್ದಾಗ, ಒಟ್ಟಿಗೆ ಕಟ್ಟಿದ್ದ ಎರಡೂ ಕಯಾಕ್‌ಗಳ ಚರ್ಮದ ಹಗ್ಗ ಹರಿದು ಅವು ಗಾಳಿಗೆ ದೂರ ಸರಿದವು. ಆಹಾರ, ಬಂದೂಕು, ಗುಂಡು ಎಲ್ಲ ಅದರಲ್ಲಿಯೇ. ನಾನ್ಸೆನ್ ಗಡಿಯಾರವನ್ನು ಯೊಹಾನ್ಸನ್ ಕೈಗಿಟ್ಟು, ಮೇಲಿನ ಬಟ್ಟೆ ಕಳಚಿ ಮಂಜುನೀರಿಗೆ ಹಾರಿದ. ಕೈಕಾಲು ಮರಗಟ್ಟುವ ಹೊತ್ತಿಗೆ ಕಯಾಕ್ ಸಿಕ್ಕಿತು, ಹೇಗೋ ಮೇಲಕ್ಕೆ ಎಳೆದುಕೊಂಡ. ನಡುಗುತ್ತ ಹುಟ್ಟು ಹಾಕಿಕೊಂಡು ಬರುವಾಗ ಎದುರಿಗೆ ಎರಡು ಕಡಲಹಕ್ಕಿ ಕಂಡವು. ರಾತ್ರಿಯ ಊಟವಾಯಿತು ಎಂದು ಬಂದೂಕು ತೆಗೆದು ಹೊಡೆದ. ದಡದಲ್ಲಿದ್ದ ಯೊಹಾನ್ಸನ್‌ಗೆ ಇವನಿಗೆ ತಲೆ ಕೆಟ್ಟಿತು ಎನಿಸಿತಂತೆ.

ಅವರನ್ನು ಕಾಪಾಡಿದ್ದು ಯಾರು?

1896ರ ಜೂನ್ 17ರಂದು ನಾಯಿ ಬೊಗಳಿದ ಸದ್ದು ಕೇಳಿ ನಾನ್ಸೆನ್ ಹುಡುಕಿಕೊಂಡು ಹೋದ. ಎದುರಾದವನು ಇಂಗ್ಲಿಷ್ ಅನ್ವೇಷಕ ಫ್ರೆಡರಿಕ್ ಜಾಕ್ಸನ್. ಒಬ್ಬ ಕ್ಷೌರ ಮಾಡಿಕೊಂಡು, ಚೌಕುಳಿ ಸೂಟು ಹಾಕಿಕೊಂಡು ಸೋಪಿನ ಪರಿಮಳ ಬೀರುತ್ತಿದ್ದ. ಇನ್ನೊಬ್ಬ ಮಸಿ, ಜಿಡ್ಡು, ಜಡೆಗಟ್ಟಿದ ಕೂದಲು. ಕೈ ಕುಲುಕಿ ಮಾತಾಡುತ್ತ ನಡೆದ ಮೇಲೆಯೇ ಜಾಕ್ಸನ್ ತಟ್ಟನೆ ನಿಂತು, "ನೀವು ನಾನ್ಸೆನ್ ಅಲ್ಲವೇ?" ಎಂದ. ಇದೇ ಜಾಕ್ಸನ್ ಹಿಂದೆ ಫ್ರಾಮ್ ಯಾತ್ರೆಗೆ ಸೇರಲು ಕೇಳಿಕೊಂಡಿದ್ದ. ನಾರ್ವೆಯವನಲ್ಲ ಎಂದು ನಾನ್ಸೆನ್ ಒಪ್ಪಿರಲಿಲ್ಲ.

ಜಾಕ್ಸನ್‌ನ ಹಡಗಿನಲ್ಲಿ ಆಗಸ್ಟ್ 13ಕ್ಕೆ ನಾರ್ವೆಯ ವಾರ್ಡೊ ಬಂದರು ತಲುಪಿದರು. ಅಲ್ಲಿ ಆಕಸ್ಮಿಕವಾಗಿ ಸಿಕ್ಕವರು ಪ್ರೊಫೆಸರ್ ಮೋನ್, ಯಾರ ಊಹೆಯಿಂದ ಇಡೀ ಯಾತ್ರೆ ಹುಟ್ಟಿತೋ ಅವರೇ!

ಹಾಗಾದರೆ ಫ್ರಾಮ್?

ಅದೇ ಆಗಸ್ಟ್ 13ರಂದು ಸ್ಪಿಟ್ಸ್‌ಬರ್ಗನ್‌ನ ಉತ್ತರದಲ್ಲಿ ಫ್ರಾಮ್ ಮಂಜಿನಿಂದ ಬಿಡಿಸಿಕೊಂಡು ತೆರೆದ ನೀರಿಗೆ ಬಂತು. ಒಂದು ವಾರದಲ್ಲಿ ಸ್ವೆರ್ಡ್ರಪ್‌ನಿಂದ ಎಲ್ಲರೂ ಕ್ಷೇಮ ಎಂಬ ತಂತಿ ಬಂತು. ಟ್ರೋಮ್ಸೊದಲ್ಲಿ ಹದಿಮೂರೂ ಮಂದಿ ಮತ್ತೆ ಒಟ್ಟಾದರು. ಹೊರಟವರೆಲ್ಲ ಮರಳಿದರು. ಮೋನ್ ಊಹಿಸಿದ ದಾರಿಯಲ್ಲೇ ಹಡಗು ತೇಲಿತ್ತು. ಧ್ರುವ ಸಿಗಲಿಲ್ಲ ಎಂಬ ಕಾರಣಕ್ಕೆ ಇದನ್ನು ಸೋಲು ಎನ್ನುವವರಿದ್ದಾರೆ. ನಾನಂತೂ ಒಪ್ಪುವುದಿಲ್ಲ.

ವಿಜ್ಞಾನಕ್ಕೆ ಇದರಿಂದ ಸಿಕ್ಕಿದ್ದೇನು? ನಮಗೆ ಏನಾದರೂ ಸಂಬಂಧ ಇದೆಯೇ?

ಉತ್ತರ ಧ್ರುವದ ಸುತ್ತ ಇರುವುದು ಭೂಖಂಡವಲ್ಲ, ಆಳವಾದ ಸಮುದ್ರ ಎಂಬ ಪುರಾವೆ ಸಿಕ್ಕಿತು. ಮೇಲಿನ ತಣ್ಣನೆಯ ನೀರಿನ ಕೆಳಗೆ ಅಟ್ಲಾಂಟಿಕ್‌ನಿಂದ ಬಂದ ಬೆಚ್ಚನೆಯ ನೀರಿನ ಪದರವಿದೆ ಎಂದು ತಿಳಿಯಿತು. ಆಳದ ನೀರನ್ನು ಅಲ್ಲಿನ ಸ್ಥಿತಿಯಲ್ಲೇ ಹಿಡಿದು ತರಲು ನಾನ್ಸೆನ್ ರೂಪಿಸಿದ ಬಾಟಲಿ ಮುಂದೆ ದಶಕಗಟ್ಟಲೆ ಎಲ್ಲ ಸಂಶೋಧನಾ ನೌಕೆಗಳಲ್ಲೂ ಬಳಕೆಯಾಯಿತು.

ಎಲ್ಲಕ್ಕಿಂತ ದೂರ ಹೋದದ್ದು ಒಂದು ಸಣ್ಣ ಗಮನಿಕೆ. ಮಂಜು ಗಾಳಿ ಬೀಸಿದ ನೇರಕ್ಕೆ ಹೋಗದೆ, ಅದರ ಬಲಕ್ಕೆ 20ರಿಂದ 40 ಡಿಗ್ರಿ ಓರೆಯಾಗಿ ಸಾಗುತ್ತಿತ್ತು. ಭೂಮಿಯ ತಿರುಗುವಿಕೆಯೇ ಕಾರಣ ಎಂದು ನಾನ್ಸೆನ್ ಊಹಿಸಿದ. ಸ್ವೀಡನ್ನಿನ ವಾಲ್ಫ್ರಿಡ್ ಎಕ್ಮನ್ ಅದಕ್ಕೆ ಗಣಿತ ಕೊಟ್ಟ. ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಉದ್ದಕ್ಕೂ ಗಾಳಿ ಬೀಸುವಾಗ ಮೇಲಿನ ನೀರು ದಡದಿಂದ ದೂರ ಸರಿದು, ತಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ. ಬೂತಾಯಿ, ಬಂಗುಡೆಗಳ ಸುಗ್ಗಿಗೆ ಇದು ಆಧಾರ. ಇದನ್ನು ವಿವರಿಸುವಾಗ ಇಂದಿಗೂ ಬಳಸುವುದು ಎಕ್ಮನ್ ಸಿದ್ಧಾಂತವನ್ನೇ. ಕೊಚ್ಚಿಯಲ್ಲಿ ನಾನ್ಸೆನ್ ಹೆಸರಿನ ಪರಿಸರ ಸಂಶೋಧನಾ ಕೇಂದ್ರವೂ ಇದೆ.

ಯೊಹಾನ್ಸನ್ ಮುಂದೆ ಏನಾದ?

ಅವನ ಕಥೆ ದುಃಖದ್ದು. ಸೇನೆಯಲ್ಲಿ ಕೆಲಸ ಸಿಕ್ಕಿತು, ಆದರೆ ಕುಡಿತ ಮತ್ತು ಸಾಲ ಬಿಡಲಿಲ್ಲ. ನಾನ್ಸೆನ್ ಮಾತಿನ ಮೇಲೆ ಅಮುಂಡ್‌ಸೆನ್ ಅವನನ್ನು ದಕ್ಷಿಣ ಧ್ರುವದ ತಂಡಕ್ಕೆ ಸೇರಿಸಿಕೊಂಡ. ಅಲ್ಲಿ ಅವಸರದಿಂದ ಬೇಗ ಹೊರಟು ಚಳಿಗೆ ಸಿಕ್ಕಿ ಹಿಂದಿರುಗಿದಾಗ ಯೊಹಾನ್ಸನ್ ಜೊತೆಗಾರನೊಬ್ಬನ ಜೀವ ಉಳಿಸಿದ, ನಾಯಕನನ್ನು ಎಲ್ಲರ ಎದುರು ಟೀಕಿಸಿದ. ಅಮುಂಡ್‌ಸೆನ್ ಅವನನ್ನು ಧ್ರುವಕ್ಕೆ ಹೋಗುವ ತಂಡದಿಂದ ಕೈಬಿಟ್ಟ. 1913ರ ಜನವರಿಯಲ್ಲಿ ಯೊಹಾನ್ಸನ್ ತನ್ನ ಬದುಕನ್ನು ತಾನೇ ಮುಗಿಸಿಕೊಂಡ.

ನಾನ್ಸೆನ್ ದಕ್ಷಿಣ ಧ್ರುವಕ್ಕೆ ಏಕೆ ಹೋಗಲಿಲ್ಲ?

ಹೋಗಬೇಕೆಂದಿದ್ದ. ಆದರೆ 1905ರಲ್ಲಿ ನಾರ್ವೆ ಸ್ವೀಡನ್ನಿನಿಂದ ಬೇರೆಯಾಯಿತು, ದೇಶದ ಕೆಲಸ ಎಳೆಯಿತು. 1906ರಿಂದ 1908ರವರೆಗೆ ಲಂಡನ್ನಿನಲ್ಲಿ ರಾಯಭಾರಿಯಾಗಿದ್ದ. 1907ರ ಡಿಸೆಂಬರ್‌ನಲ್ಲಿ ಇವಾ ನ್ಯುಮೋನಿಯಾದಿಂದ ತೀರಿಕೊಂಡಳು. ಸುದ್ದಿ ತಿಳಿದು ಹೊರಟವನು ಅವಳ ಮುಖ ನೋಡಲು ಸಕಾಲಕ್ಕೆ ತಲುಪಲಿಲ್ಲ. ಐದು ಮಕ್ಕಳು. ಕಡೆಗೆ ಫ್ರಾಮ್ ಹಡಗನ್ನು ಅಮುಂಡ್‌ಸೆನ್‌ಗೆ ಬಿಟ್ಟುಕೊಟ್ಟ. ಉತ್ತರಕ್ಕೆಂದು ಪಡೆದ ಹಡಗನ್ನು ಅಮುಂಡ್‌ಸೆನ್ ಹೇಳದೆಯೇ ದಕ್ಷಿಣಕ್ಕೆ ತಿರುಗಿಸಿದ. ನಾನ್ಸೆನ್ ನೊಂದರೂ ಬಹಿರಂಗವಾಗಿ ಅವನ ಪರವೇ ನಿಂತ.

ನಾನ್ಸೆನ್ ಪಾಸ್‌ಪೋರ್ಟ್ ಎಂದರೇನು?

ಮೊದಲ ಮಹಾಯುದ್ಧ ಮುಗಿದಾಗ ಲಕ್ಷಾಂತರ ಸೈನಿಕರು ಪರದೇಶಗಳಲ್ಲಿ ಸೆರೆಯಾಳುಗಳಾಗಿ ಉಳಿದಿದ್ದರು. 1920ರಲ್ಲಿ ರಾಷ್ಟ್ರಸಂಘ (ವಿಶ್ವಸಂಸ್ಥೆಗೂ ಹಿಂದಿನ ದೇಶಗಳ ಕೂಟ) ಅವರನ್ನು ಊರಿಗೆ ಮರಳಿಸುವ ಕೆಲಸವನ್ನು ನಾನ್ಸೆನ್‌ಗೆ ವಹಿಸಿತು. ಎರಡು ವರ್ಷದಲ್ಲಿ 4,27,886 ಜನರನ್ನು ಊರು ಸೇರಿಸಿದ. ಹಣ ಕಡಿಮೆ, ಸಿಬ್ಬಂದಿ ಕಡಿಮೆ. ಅವನ ಹೆಸರಿಗಿದ್ದ ಗೌರವವೇ ಮುಖ್ಯ ಬಂಡವಾಳ.

1921ರಲ್ಲಿ ನಿರಾಶ್ರಿತರ ಹೈ ಕಮಿಷನರ್ ಆದ. ಕ್ರಾಂತಿಯಿಂದ ಓಡಿಬಂದ ರಷ್ಯನ್ನರ ಪೌರತ್ವವನ್ನು ಸೋವಿಯತ್ ಸರ್ಕಾರ ರದ್ದು ಮಾಡಿತ್ತು. ಕಾಗದವಿಲ್ಲದವನಿಗೆ ಕೆಲಸವಿಲ್ಲ, ಗಡಿ ದಾಟುವಂತಿಲ್ಲ, ಇರುವಂತೆಯೂ ಇಲ್ಲ. 1922ರ ಜುಲೈನಲ್ಲಿ ಜಿನೀವಾದಲ್ಲಿ ನಾನ್ಸೆನ್ ಒಂದು ಗುರುತಿನ ಪತ್ರಕ್ಕೆ ಸರ್ಕಾರಗಳನ್ನು ಒಪ್ಪಿಸಿದ. ಮುಂದೆ ಐವತ್ತಕ್ಕೂ ಹೆಚ್ಚು ದೇಶಗಳು ಅದನ್ನು ಮಾನ್ಯ ಮಾಡಿದವು. ನಂತರ ಅದು ಅರ್ಮೇನಿಯನ್ನರಿಗೂ ಸಿಕ್ಕಿತು. ಸ್ಟ್ರಾವಿನ್ಸ್ಕಿ, ಷಗಾಲ್, ನಬೊಕೊವ್ ಇದನ್ನು ಹಿಡಿದುಕೊಂಡೇ ಓಡಾಡಿದವರು. ಪಿರಿಯಾಪಟ್ಟಣದ ಬಳಿಯ ಬೈಲಕುಪ್ಪೆಯ ಟಿಬೆಟಿಯನ್ನರು ವಿದೇಶಕ್ಕೆ ಹೋಗುವಾಗ ಭಾರತ ಸರ್ಕಾರ ಕೊಡುವ ಗುರುತಿನ ಪುಸ್ತಕವನ್ನು ನೋಡಿದವರಿಗೆ ಇಂಥ ಕಾಗದದ ಬೆಲೆ ಬಿಡಿಸಿ ಹೇಳಬೇಕಿಲ್ಲ.

ರಷ್ಯಾದ ಬರಗಾಲದಲ್ಲಿ ಅವನ ಪಾತ್ರ?

1921ರಲ್ಲಿ ವೋಲ್ಗಾ ಸೀಮೆಯಲ್ಲಿ ಭೀಕರ ಬರ. ಸಾಲ ಕೊಡಿ ಎಂದು ನಾನ್ಸೆನ್ ರಾಷ್ಟ್ರಸಂಘದಲ್ಲಿ ಗೋಗರೆದ. ಬೊಲ್ಷೆವಿಕ್ ಸರ್ಕಾರಕ್ಕೆ ಬಲ ಬರುತ್ತದೆ ಎಂದು ಸರ್ಕಾರಗಳು ನಿರಾಕರಿಸಿದವು. ಅವನು ಊರೂರು ಸುತ್ತಿ ಭಾಷಣ ಮಾಡಿ, ಫೋಟೋ ತೋರಿಸಿ ಹಣ ಎತ್ತಿದ. ಹೆಚ್ಚಿನ ಅನ್ನ ಹೋದದ್ದು ಅಮೆರಿಕದ ಪರಿಹಾರ ಸಂಸ್ಥೆಯಿಂದ ಎಂಬುದನ್ನೂ ಹೇಳಬೇಕು. ನೊಬೆಲ್ ಹಣವನ್ನು ನಾನ್ಸೆನ್ ಪರಿಹಾರ ಕೆಲಸಕ್ಕೇ ಕೊಟ್ಟ.

ಅವನ ಬಗ್ಗೆ ಒಪ್ಪಲಾಗದ್ದು ಏನೂ ಇಲ್ಲವೇ?

ಇದೆ. ಗ್ರೀಸ್ ಮತ್ತು ಟರ್ಕಿ ನಡುವೆ 1923ರಲ್ಲಿ ನಡೆದ ಜನರ ವಿನಿಮಯಕ್ಕೆ ಅವನ ಬೆಂಬಲವಿತ್ತು. ಕೊಲೆಗಳನ್ನು ತಪ್ಪಿಸಲು ಬೇರೆ ದಾರಿ ಕಾಣಲಿಲ್ಲ ಎಂಬುದು ಅವನ ವಾದ. ಆದರೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಧರ್ಮದ ಆಧಾರದ ಮೇಲೆ ಹುಟ್ಟಿದ ಮಣ್ಣು ಬಿಡಬೇಕಾಯಿತು. ದೇಶವಿಭಜನೆಯ ನೆನಪಿರುವ ನಮಗೆ ಇದನ್ನು ಸುಲಭವಾಗಿ ಸಮರ್ಥಿಸಲು ಆಗುವುದಿಲ್ಲ.

ಕೊನೆಯ ದಿನಗಳು? ಇಂದು ನೋಡಲು ಏನಿದೆ?

1930ರ ಮೇ 13ರಂದು ಓಸ್ಲೊ ಸಮೀಪದ ತನ್ನ ಮನೆ ಪೋಲ್‌ಹೋಗ್ಡಾದಲ್ಲಿ ತೀರಿಕೊಂಡ. ಅಂತ್ಯಕ್ರಿಯೆ ನಡೆದದ್ದು ಮೇ 17ರಂದು, ನಾರ್ವೆಯ ಸಂವಿಧಾನ ದಿನ. ಆ ಮನೆ ಈಗ ಸಂಶೋಧನಾ ಸಂಸ್ಥೆ. ಅವನ ಹೆಸರಿನ ನಿರಾಶ್ರಿತರ ಕಚೇರಿಗೆ 1938ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ 1954ರಿಂದ ನಾನ್ಸೆನ್ ಪ್ರಶಸ್ತಿ ಕೊಡುತ್ತಿದೆ.

ಫ್ರಾಮ್ ಓಸ್ಲೊದ ಬಿಗ್ಡೊಯ್ ಎಂಬಲ್ಲಿ ವಸ್ತುಸಂಗ್ರಹಾಲಯದೊಳಗೆ ನಿಂತಿದೆ. ಹಡಗಿನ ಒಳಗೆ ಇಳಿದು ಆ ಸಣ್ಣ ಕೋಣೆಗಳನ್ನು ನೋಡಬಹುದು. ಅದರ ಯೋಚನೆಯಂತೂ ಇನ್ನೂ ಸಮುದ್ರದಲ್ಲೇ ಇದೆ: 2019ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ 'ಪೋಲಾರ್‌ಸ್ಟರ್ನ್' ನೌಕೆ ಹಲವು ದೇಶಗಳ ವಿಜ್ಞಾನಿಗಳನ್ನು ಹೊತ್ತು ಅದೇ ರೀತಿ ಮಂಜಿಗೆ ಸಿಕ್ಕಿಸಿಕೊಂಡು ವರ್ಷದ ತನಕ ತೇಲಿತು. ಮಂಜು ಈಗ ನಾನ್ಸೆನ್ ಕಾಲಕ್ಕಿಂತ ತೆಳ್ಳಗಾಗಿದೆ, ಬೇಗ ಸಾಗುತ್ತದೆ. ಎಷ್ಟು ಬದಲಾಗಿದೆ ಎಂದು ಹೋಲಿಸಿ ನೋಡುವವರು ಇಂದಿಗೂ ತೆರೆಯುವುದು ಆ ಹದಿಮೂರು ಮಂದಿ ಬರೆದಿಟ್ಟ ಅಂಕಿಗಳನ್ನು.